ಕಣ್ಣೀರಿನ ದಪ್ಪ

ಅಳ್ನಾವರ ಇನ್ನೂ ದೂರವಿತ್ತು. ಗೂಡ್ಸ್ ಗಾಡಿಯ ಎಂಜಿನ್ನಿನಲ್ಲಿ ಕೂತಿದ್ದ ರಾಚಪ್ಪ ಹಂಚಿನಾಳನಿಗೆ ಎದುರಿನ ಸಿಗ್ನಲ್ ಕಂಬ ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡು ನೋಡಿದ. ಆಗಲೂ ಎರಡು ಕಂಬ, ಎರಡು ಹಸಿರು ದೀಪ. ಅವನು ಬ್ರೇಕ್ ಹಾಕಿದ.

“ಹಸರ ಬಿದ್ದೈತಲ್ರೀ, ಯಾಕ ನಿಲ್ಲಿಸಿದ್ರಿ?” ಎಂದ ಸಹಾಯಕ ಚಾಲಕ.

“ಎಷ್ಟು ಸಿಗ್ನಲ್ ಅದಾವೋ?”

“ಒಂದ.”

“ಹಂಗಾದ್ರ ಕಂಟ್ರೋಲಿಗೆ ಹೇಳು. ಬ್ಯಾರೆ ಡ್ರೈವರ್ ಕಳಿಸ್ಲಿ,” ಎಂದು ರಾಚಪ್ಪ ಸೀಟು ಬಿಟ್ಟು ಎದ್ದ. ಆಮೇಲೆ ಅವನು ಎಂಜಿನ್ ಹತ್ತಲಿಲ್ಲ.

ಹುಬ್ಬಳ್ಳಿಯಲ್ಲಿ ತೆಗೆದ ಸ್ಕ್ಯಾನಿನಲ್ಲಿ ಕಾರಣ ಸಿಕ್ಕಿತು. ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ, ಎಲುಬಿನೊಳಗಿಂದ ಒಂದು ಗಡ್ಡೆ ಎದ್ದಿತ್ತು. ಅದರ ಬೆನ್ನಿಗೇ ಮಿದುಳುಕಾಂಡ. ಉಸಿರಾಡಲು, ನುಂಗಲು, ಎದೆ ಬಡಿಯಲು ಅಪ್ಪಣೆ ಬರುವುದು ಅಲ್ಲಿಂದಲೇ. ಅಷ್ಟು ಆಳಕ್ಕೆ ಚಾಕು ಹೋಗಲಾರದು. ಸಾಮಾನ್ಯ ವಿಕಿರಣ ಕೊಟ್ಟರೆ ಗಡ್ಡೆ ಸಾಯುವ ಮೊದಲು ಕಾಂಡವೇ ಸಾಯುತ್ತದೆ. “ಗದಗಿನ ಕಡೆ ಒಂದು ಪ್ರಯೋಗ ನಡೆದೈತಿ, ಕೇಳಿ ನೋಡ್ರಿ,” ಎಂದರು ಅಲ್ಲಿನ ವೈದ್ಯರು.

ಗದಗಿನಾಚೆ, ಗಾಳಿಯಂತ್ರಗಳು ತಿರುಗುವ ಬಯಲಿನ ಅಡಿಯಲ್ಲಿ, ಒಂದು ದೊಡ್ಡ ಉಂಗುರವನ್ನು ಹೂಳಿದ್ದರು. ಇಂಗಾಲದ ಪರಮಾಣುಗಳ ಹೊರಪದರ ಸುಲಿದು, ಒಳಗಿನ ಬೀಜವನ್ನಷ್ಟೇ ಆ ಉಂಗುರದಲ್ಲಿ ಸುತ್ತಿಸಿ, ಬೆಳಕಿನ ವೇಗದ ಮುಕ್ಕಾಲು ಪಾಲಿಗೆ ತಂದು ಗಡ್ಡೆಯ ಮೇಲೆ ಬಿಡುವ ಯಂತ್ರ ಅದು. ಬೇರೆ ದೇಶಗಳಲ್ಲೂ ಇಂಥವು ಇದ್ದವು. ಅಲ್ಲಿ ಪ್ರಮಾಣವನ್ನು ವಾರಗಟ್ಟಲೆ ಹಂಚಿ, ದಿನಕ್ಕಿಷ್ಟೆಂದು ಕೊಡುತ್ತಿದ್ದರು. ಇಲ್ಲಿನವರು ಕೇಳಿದ ಪ್ರಶ್ನೆ ಬೇರೆ. ಅಷ್ಟನ್ನೂ ಒಂದೇ ಸಲ, ರೆಪ್ಪೆ ಬಡಿಯುವುದಕ್ಕಿಂತ ಬೇಗ ಕೊಟ್ಟುಬಿಟ್ಟರೆ? ಇಲಿಗಳ ಮೇಲೆ ಮಾಡಿ ನೋಡಿದಾಗ ಗಡ್ಡೆ ಸತ್ತಿತ್ತು. ಸುತ್ತಲಿನ ಒಳ್ಳೆಯ ಮಾಂಸಕ್ಕೆ ಆ ವೇಗದಲ್ಲಿ ಪೆಟ್ಟು ಬಿದ್ದದ್ದೇ ತಿಳಿದಂತಿರಲಿಲ್ಲ. ಈಗ ಮನುಷ್ಯರ ಸರದಿ. ಅರ್ಧ ಜನಕ್ಕೆ ಹಳೆಯ ಕ್ರಮ, ಅರ್ಧ ಜನಕ್ಕೆ ಹೊಸದು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ಹೇಳುತ್ತಿತ್ತು. ಸುತ್ತಲಿನ ಊರವರು ಆ ಜಾಗಕ್ಕೆ ‘ಒಂದ ಏಟಿನ ದವಾಖಾನಿ’ ಎಂದು ಹೆಸರಿಟ್ಟಿದ್ದರು.

ರಾಚಪ್ಪನಿಗೆ ಬಂದದ್ದು ಆ ಒಂದೇ ಏಟು.

ಅವನನ್ನೂ ಅವನ ಹೆಂಡತಿ ನಿಂಬೆವ್ವಳನ್ನೂ ಕೂರಿಸಿಕೊಂಡು ವಿವರ ಹೇಳಿದವಳು ಶಾಹಿದಾ ಮುಲ್ಲಾ. ಗೋಕಾಕದ ಕಡೆಯ ಹುಡುಗಿ, ಅಲ್ಲಿನ ಭೌತವಿಜ್ಞಾನಿ. ಕಣ ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ.

“ಅಣ್ಣಾರ, ಇದು ನಿಮ್ಮ ಗೂಡ್ಸ್ ಗಾಡಿ ಇದ್ದಂಗ. ದಾರ್ಯಾಗ ಅಷ್ಟೇನೂ ಮಾಲು ಇಳಸಂಗಿಲ್ಲ. ಕಡೀ ಸ್ಟೇಷನ್ನಿನ್ಯಾಗ ನಿಂತು ಪೂರಾ ಖಾಲಿ ಮಾಡತೈತಿ. ಆ ಕಡೀ ಸ್ಟೇಷನ್ ಗಡ್ಡಿಯೊಳಗ ಇರಬೇಕು, ಅಷ್ಟ.”

“ಮುಂದ ಹೋತಂದ್ರ?”

“ಮಿದುಳುಕಾಂಡ.”

“ಮೊದಲ ನಿಂತ್ರ?”

“ಕಣ್ಣಿನ ನರ.”

ನಿಂಬೆವ್ವ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. “ತಪ್ಪಾಕತ್ತೈತಿ ಅಂತ ಗೊತ್ತಾದ್ರ ನಡುವ ನಿಲ್ಲಸಾಕ ಬರೂದಿಲ್ಲೇನವಾ?” ಎಂದಳು.

“ಇಲ್ರೀ ಅಕ್ಕಾರ. ತಪ್ಪೈತಿ ಅಂತ ನಮಗ ತಿಳಿಯೂದ್ರಾಗ ಅದು ಮುಗದ ಹೋಗಿರತೈತಿ.”

ಶಾಹಿದಾ ಏನನ್ನೂ ಮುಚ್ಚಿಡಲಿಲ್ಲ. ಇವರಿಗಿಂತ ಮೊದಲು ಇದೇ ಏಟಿಗೆ ಬಂದಿದ್ದ ಬಾಗಲಕೋಟೆಯ ಕಸ್ತೂರಿಬಾಯಿ ಎಂಬಾಕೆಗೆ ಬಲಗಣ್ಣು ಹೋಗಿತ್ತು, ಗಡ್ಡೆಯೂ ಸತ್ತಿರಲಿಲ್ಲ. ಯಂತ್ರದ ಒಂದೊಂದು ಭಾಗವನ್ನೂ ಬಿಚ್ಚಿ ನೋಡಿದ್ದರು. ತಪ್ಪು ಸಿಕ್ಕಿರಲಿಲ್ಲ. ಅದನ್ನು ಹೇಳುವಾಗ ಶಾಹಿದಾಳ ದನಿ ಇಳಿದದ್ದನ್ನು ನಿಂಬೆವ್ವ ಗಮನಿಸಿದಳು. ಗಡ್ಡೆಗಿಂತ ಆ ಇಳಿದ ದನಿಯೇ ಅವಳನ್ನು ಹೆಚ್ಚು ಹೆದರಿಸಿತು.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ರಾಚಪ್ಪ ಮಾತ್ರ ಹಬ್ಬಕ್ಕೆ ಹೊರಟವನಂತೆ ಇದ್ದ. ನೋಡಲು ಬಂದವರಿಗೆಲ್ಲ “ಒಂದ ಏಟು, ಮುಗೀತು” ಎಂದು ಚಿಟಿಕೆ ಹೊಡೆದು ತೋರಿಸುತ್ತಿದ್ದ. ನಿಂಬೆವ್ವ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದಳು. ಎಡತೋಳನ್ನು ಬಲಕ್ಕೆ ಹಚ್ಚಿ, ಬಿಚ್ಚಿ, ಮತ್ತೆ ಅದನ್ನೇ ಬಲಕ್ಕೆ ಹಚ್ಚಿದಳು.

“ಅಂಜಿಕಿ ಆಗಂಗಿಲ್ಲೇನ್ರೀ?”

“ಅಂಜಿದ್ರ ಇಷ್ಟ ವರ್ಷ ಗಾಡಿ ಹೊಡೀತಿದ್ನೇನು?”

“ಕಣ್ಣು ಹೋದ್ರ?”

“ನೀ ಇದ್ದೀಯಲ್ಲ, ಕೈ ಹಿಡಕೊಂಡು ಹೋಗಾಕ.” ಅಷ್ಟು ಹೇಳಿ ಅವನು ಟೀವಿಯ ದನಿ ಜೋರು ಮಾಡಿದ.

ಆ ದಿನ ಬಂತು. ರಾಚಪ್ಪನನ್ನು ಬಿಳಿಯ ಕೋಣೆಯೊಂದರಲ್ಲಿ ಅಂಗಾತ ಮಲಗಿಸಿದರು. ಅವನ ಮುಖದ ಅಚ್ಚಿನಲ್ಲೇ ಮಾಡಿದ್ದ ಗಟ್ಟಿ ಜಾಳಿಗೆಯ ಮುಖವಾಡವನ್ನು ಹಾಕಿ ಮಂಚಕ್ಕೆ ಬಿಗಿದರು. ದವಡೆ ಅಲುಗುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಕೈಗೊಂದು ಗುಂಡಿ ಕೊಟ್ಟರು. ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ನಿದ್ದೆಯ ಮದ್ದು ಕೊಡುವಂತಿರಲಿಲ್ಲ. ಎಚ್ಚರವಿದ್ದು, ಮೇಲೆ ಮೂಲೆಯಲ್ಲಿದ್ದ ನೀಲಿ ದೀಪವನ್ನು ನೆಟ್ಟ ನೋಟದಿಂದ ನೋಡುತ್ತಿದ್ದರೆ ಮಾತ್ರ ಕಣ್ಣಿನ ನರ ಕಣದ ದಾರಿಯ ನಡುವಿನಿಂದ ಅಂಚಿಗೆ ಸರಿದಿರುತ್ತಿತ್ತು. ಕೊನೆಯ ಸ್ಕ್ಯಾನ್ ತೆಗೆದರು. ದಾರಿಯಲ್ಲಿ ಎಷ್ಟು ಎಲುಬು, ಎಷ್ಟು ಮಾಂಸ, ಮೂಗಿನ ಹಿಂದಿನ ಪೊಳ್ಳಿನಲ್ಲಿ ಎಷ್ಟು ಗಾಳಿ ಎಂಬುದನ್ನೆಲ್ಲ ಶಾಹಿದಾಳ ಕಂಪ್ಯೂಟರ್ ಲೆಕ್ಕ ಹಾಕಿತು. ಆಮೇಲೆ ಎಲ್ಲರೂ ಹೊರಗೆ ಬಂದರು. ಕಾಂಕ್ರೀಟಿನ ದಪ್ಪ ಬಾಗಿಲು ಮುಚ್ಚಿಕೊಂಡಿತು.

ಉಂಗುರದಲ್ಲಿ ಕಣಗಳು ತುಂಬಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ರೋಗಿ ಒಬ್ಬನೇ.

ನಿಯಂತ್ರಣ ಕೊಠಡಿಯಲ್ಲಿ ಶಾಹಿದಾಳ ಹಿಂದೆ ಪ್ರಯೋಗದ ಮುಖ್ಯಸ್ಥರಾದ ಡಾಕ್ಟರ್ ಪದ್ಮರಾಜ ಬಲ್ಲಾಳರು ನಿಂತಿದ್ದರು. ಮೆತ್ತಗಿನ ದನಿಯ, ಕಾರ್ಕಳದ ಕಡೆಯ ಮನುಷ್ಯ. ರಾಚಪ್ಪನ ಕಣ್ಣನ್ನು ಯಂತ್ರ ಗಮನಿಸುತ್ತಿತ್ತು. ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಕದಲದೆ ನಿಂತಿತ್ತು. ರೆಪ್ಪೆ ಬಡಿಯದೆ ದೀಪ ನೋಡಿದರೆ ಯಾರ ಕಣ್ಣಾದರೂ ತೇವವಾಗುತ್ತದೆಂದು, ಆ ತೇವವನ್ನು ಲೆಕ್ಕಿಸದಂತೆ ಯಂತ್ರಕ್ಕೆ ಮೊದಲೇ ಕಲಿಸಿದ್ದರು.

ಗಾಜಿನಾಚೆಯ ಚಿಕ್ಕ ಕೋಣೆಯಲ್ಲಿ ನಿಂಬೆವ್ವ ಕೂತಿದ್ದಳು. ಅವಳ ಎದುರಿನ ಟೀವಿಯಲ್ಲಿ ಗಂಡನ ಮುಖ ಕಾಣುತ್ತಿರಲಿಲ್ಲ. ಕ್ಯಾಮೆರಾ ಕಾಲಿನ ಕಡೆ ಇತ್ತು. ಹಸಿರು ಬಟ್ಟೆ ಹೊದ್ದ ದೇಹ, ಹೊರಗೆ ಚಾಚಿದ ಎರಡು ಪಾದ. ಅವಳು ಆ ಪಾದಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೇರಿ ಅದನ್ನು ಅಮುಕತೊಡಗಿತು.

ಅವಳು ಎದ್ದು ನಿಂತಳು. ಮದುವೆಯಾಗಿ ಬಂದ ಮೇಲೆ ಆ ಬೆರಳು ಹಾಗೆ ಏರಿದ್ದನ್ನು ಅವಳು ಎರಡೇ ಸಲ ಕಂಡಿದ್ದಳು. ಮಾವ ತೀರಿಕೊಂಡಾಗ ಒಮ್ಮೆ. ಅವನ ಗಾಡಿಗೆ ಯಾರೋ ತಲೆ ಕೊಟ್ಟ ಮರುದಿನ ಇನ್ನೊಮ್ಮೆ. ಎರಡು ಸಲವೂ ಅವನು ಮುಖಕ್ಕೆ ಟವೆಲ್ ಹಾಕಿಕೊಂಡು, ಸದ್ದಿಲ್ಲದೆ, ಮೈ ಅಲುಗದೆ ಅತ್ತಿದ್ದ. ಹತ್ತಿರ ಕೂತವರಿಗೂ ತಿಳಿಯದ ಅಳು ಅದು.

ನಿಂಬೆವ್ವ ಗಾಜನ್ನು ಎರಡೂ ಕೈಯಿಂದ ಬಡಿದಳು.

“ನಿಲ್ಲಸ್ರೀ! ಅವರು ಅಳಾಕತ್ತಾರ!”

ಶಾಹಿದಾ ತಿರುಗಿ ನೋಡಿದಳು. ಪರದೆಯ ಮೇಲಿನ ಚುಕ್ಕೆ ಕದಲಿರಲಿಲ್ಲ. ಉಸಿರು, ನಾಡಿ ಸ್ವಲ್ಪ ಏರಿದ್ದವು. ಎಲ್ಲರಿಗೂ ಏರುವಷ್ಟೇ.

ಬಲ್ಲಾಳರು ಮೈಕ್ ಒತ್ತಿದರು. “ರಾಚಪ್ಪನವರೇ, ಆರಾಮಾಗಿದ್ದೀರಾ? ಏನಾದರೂ ಅಳು ಬರ್ತಾ ಇದೆಯಾ?”

ಗುಂಡಿ ಎರಡು ಸಲ ಸದ್ದು ಮಾಡಿತು. ಇಲ್ಲ.

“ಸುಳ್ಳ ಹೇಳಾಕತ್ತಾರ್ರೀ,” ನಿಂಬೆವ್ವ ಗಾಜಿಗೆ ಮುಖ ಒತ್ತಿ ಕೂಗಿದಳು. “ಮೇಡಂ, ನಿಮ್ಮ ಕಾಲ ಬೀಳತೀನಿ. ನನಗ ಗೊತ್ತೈತಿ.”

ಶಾಹಿದಾ ಕೊನೆಯ ಸ್ಕ್ಯಾನನ್ನು ಮತ್ತೆ ಪರದೆಗೆ ತಂದಳು. ಕಣ್ಣೀರು ಎಲ್ಲಿಗೆ ಹೋಗುತ್ತದೆ? ಕೆನ್ನೆಗೆ ಇಳಿಯುವುದು ಅರ್ಧ. ಉಳಿದದ್ದು ಒಳಗಿನ ನಾಳದಿಂದ ಮೂಗಿಗೆ. ಅತ್ತವರ ಮೂಗು ಕಟ್ಟುತ್ತದೆ, ಒಳಗೆಲ್ಲ ಊದಿಕೊಳ್ಳುತ್ತದೆ. ಅಂಗಾತ ಮಲಗಿದವನಿಗೆ ಆ ನೀರೆಲ್ಲ ಹಿಂದಕ್ಕೆ, ಪೊಳ್ಳಿನ ಕಡೆಗೆ ಸರಿಯುತ್ತದೆ. ಸ್ಕ್ಯಾನಿನಲ್ಲಿ ಅಲ್ಲಿ ಗಾಳಿಯಿತ್ತು. ಅವಳ ಲೆಕ್ಕ ಗಾಳಿಯದು. ಗಾಳಿಯಲ್ಲಿ ಕಣ ದಣಿಯುವುದಿಲ್ಲ, ನೀರಿನಲ್ಲಿ ದಣಿಯುತ್ತದೆ. ಬೆರಳು ದಪ್ಪದ ನೀರು ಅಡ್ಡ ಬಂದರೆ ಬೆರಳು ದಪ್ಪದಷ್ಟು ಮೊದಲೇ ನಿಲ್ಲುತ್ತದೆ.

“ಸರ್, ಕಣ ಎಲ್ಲಾ ಹೊರಹಾಕಿಬಿಡೋಣ.”

“ಶಾಹಿದಾ, ಉಂಗುರ ತುಂಬ್ತಾ ಬಂದಿದೆ. ಈಗ ಹೊರಹಾಕಿದ್ರೆ ಮ್ಯಾಗ್ನೆಟ್ಟುಗಳು ಬಿಸಿಯಾಗ್ತವೆ. ಮತ್ತೆ ತಂಪು ಮಾಡಿ ಸರಿಹೊಂದಿಸೋಕೆ ಒಂದು ತಿಂಗಳಾದ್ರೂ ಬೇಕು. ಅಷ್ಟರಲ್ಲಿ ಗಡ್ಡೆ ಕಾಂಡಕ್ಕೆ ತಾಗಿದ್ರೆ ಪ್ರಯೋಗದ ನಿಯಮದಂತೆ ಈ ಮನುಷ್ಯನಿಗೆ ನಾವು ಏನೂ ಮಾಡೋ ಹಾಗಿಲ್ಲ. ಆಕೆಗೆ ಭಯ ಆಗಿದೆ, ಅಷ್ಟೆ. ಯಾರಿಗಾದ್ರೂ ಆಗುತ್ತೆ.”

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಸಿರು ಚುಕ್ಕೆ ಅವರ ಪರವಾಗಿತ್ತು, ಗುಂಡಿಯ ಉತ್ತರವೂ ಅವರ ಪರವಾಗಿತ್ತು. ಈ ಕಡೆ ಇದ್ದದ್ದು ಒಂದು ಕಾಲಿನ ಬೆರಳು ಮಾತ್ರ. ಶಾಹಿದಾ ಗಾಜಿನಾಚೆ ನೋಡಿದಳು. ನಿಂಬೆವ್ವ ಈಗ ಕೂಗುತ್ತಿರಲಿಲ್ಲ. ಕೈ ಮುಗಿದು ನಿಂತಿದ್ದಳು.

ಶಾಹಿದಾ ಕೆಂಪು ಗುಂಡಿಯನ್ನು ಒತ್ತಿದಳು.

ನೆಲದಡಿಯಿಂದ ಒಂದು ನರಳುವಿಕೆ ಎದ್ದು ಗೋಡೆಗಳನ್ನು ನಡುಗಿಸಿತು. ಕಣಗಳೆಲ್ಲ ಬಂಡೆಯೊಳಗಿನ ಗ್ರ್ಯಾಫೈಟಿನ ದಿಮ್ಮಿಗೆ ಹೋಗಿ ಬಡಿದವು. ಬಲ್ಲಾಳರು ಮುಖವಾಡ ಬಿಚ್ಚುವ ಮೊದಲು ಇನ್ನೊಂದು ಸ್ಕ್ಯಾನ್ ತೆಗೆಸಿದರು. ಮೊದಲಿನದರಲ್ಲಿ ಕಪ್ಪಗಿದ್ದ ಪೊಳ್ಳು ಈಗ ಬೂದು ಬಣ್ಣದಲ್ಲಿ ತುಂಬಿಕೊಂಡಿತ್ತು.

“ಎಲ್ಲಿ ನಿಲ್ತಿತ್ತು?” ಎಂದು ಕೇಳಿದರು.

ಶಾಹಿದಾ ಲೆಕ್ಕವನ್ನು ಮತ್ತೊಮ್ಮೆ ಓಡಿಸಿದಳು. “ಕಣ್ಣಿನ ನರದ ಮ್ಯಾಲ, ಸರ್. ಎರಡೂ ಕಣ್ಣಿಂದು.”

ಬಲ್ಲಾಳರು ಹತ್ತಿರದ ಕುರ್ಚಿಯನ್ನು ತಡವಿ ಕೂತರು.

ಹೊರಗೆ ಬಂದ ರಾಚಪ್ಪನ ಮುಖದ ತುಂಬ ಜಾಳಿಗೆಯ ಗುರುತಿತ್ತು. ಕಣ್ಣು ಕೆಂಪಗಿದ್ದವು. ಅವನಿಗೆ ಎಲ್ಲವನ್ನೂ ಹೇಳಿದರು. ಅವನು ಕೇಳಿಸಿಕೊಂಡು, ಹೆಂಡತಿಯ ಕಡೆ ತಿರುಗಿ, “ಅಷ್ಟೂ ಮಂದಿ ಮುಂದ ನನ್ನ ಮರ್ಯಾದಿ ಕಳದಿ” ಎಂದ. ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ನಿಂಬೆವ್ವ ಪಕ್ಕದಲ್ಲಿ ಕೂತು ಒಂದನ್ನೇ ಯೋಚಿಸುತ್ತಿದ್ದಳು: ಕಣ್ಣು ಉಳಿಸಲು ಹೋಗಿ ಜೀವ ಕಳೆದೆನೇ?

ಅಂದು ಸಂಜೆ ಶಾಹಿದಾ ಮನೆಗೆ ಹೋದವಳು ತಾಯಿ ಇಟ್ಟ ಚಹಾ ಮುಟ್ಟದೆ ಬಾಗಲಕೋಟೆಗೆ ಫೋನ್ ಮಾಡಿದಳು.

“ಕಸ್ತೂರಿಬಾಯಾರ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ಒಳಗ ಮಲಗಿದ್ರಲ್ಲ, ಆವಾಗ ಅತ್ತಿದ್ರೇನ್ರೀ?”

“ಅಳದ ಇನ್ನೇನ ಮಾಡ್ಲಿ ಯವ್ವಾ? ಬಾಗಲಾ ಹಾಕ್ಕೊಂಡು ಎಲ್ಲಾರೂ ಹೋಗಿಬಿಟ್ರಿ. ಬಿಕ್ಕಿ ಬಿಕ್ಕಿ ಅತ್ತೀನಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಫೋನ್ ಇಟ್ಟು ಶಾಹಿದಾ ಕಸ್ತೂರಿಬಾಯಿಯ ಹಳೆಯ ಲೆಕ್ಕವನ್ನು ತೆಗೆದು ಕೂತಳು. ಯಂತ್ರ ಬಿಚ್ಚಿ ನೋಡಿದ್ದರು, ಮೋಟಾರು ನೋಡಿದ್ದರು, ತಂತಿ ನೋಡಿದ್ದರು. ಮನುಷ್ಯನ ಹೆದರಿಕೆಗೆ ದಪ್ಪವಿದೆ, ಅದನ್ನು ಮಿಲಿಮೀಟರಿನಲ್ಲಿ ಅಳೆಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ವಾರಗಳು ನಿಂಬೆವ್ವಳಿಗೆ ಕತ್ತಿಯ ಅಂಚಿನ ಮೇಲಿನ ದಿನಗಳು. ರಾಚಪ್ಪ ಮಾತು ಬಿಟ್ಟಿದ್ದ. ಆಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಜ್ಜಿಗೆ ಅವನ ಗಂಟಲಿಗೆ ಸಿಕ್ಕಿತು. ಕೆಮ್ಮಿದ, ಮತ್ತೆ ಕುಡಿದ, ಮತ್ತೆ ಸಿಕ್ಕಿತು. ಮರುದಿನ ನೀರೂ ಹಾಗೆಯೇ ಆಯಿತು. ಅನ್ನವನ್ನು ಮೆತ್ತಗೆ ಹಿಚುಕಿ ಕೊಟ್ಟರೆ ಒಂದೊಂದು ತುತ್ತಿಗೂ ಅವನು ಕತ್ತು ಬಾಗಿಸಿ, ಕಣ್ಣು ಮುಚ್ಚಿ, ಬೆಟ್ಟ ಹತ್ತುವವನಂತೆ ನುಂಗುತ್ತಿದ್ದ. ನಿಂಬೆವ್ವ ಎದುರಿಗೆ ಕೂತು, ತನಗೆ ಅರಿವಿಲ್ಲದೆ, ಅವನೊಂದಿಗೆ ತಾನೂ ಬರೀ ಉಗುಳು ನುಂಗುತ್ತಿದ್ದಳು. ಗಡ್ಡೆ ಕಾಂಡಕ್ಕೆ ತಾಗಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬಲ್ಲಾಳರು ಪ್ರಯೋಗದ ನೀತಿ ಸಮಿತಿಯ ಮುಂದೆ ಹೋಗಿ, ನಡೆದದ್ದನ್ನೆಲ್ಲ ಇದ್ದದ್ದು ಇದ್ದಂತೆ ಹೇಳಿ, ಇವನಿಗೊಂದು ಅವಕಾಶ ಕೇಳಿಕೊಂಡು ಬಂದರು. ಸಮಿತಿ ಒಪ್ಪಿತು. ಆದರೆ ಅಪಾಯ ಈಗ ಹೆಚ್ಚಿತ್ತು. ಗಡ್ಡೆಗೂ ಕಾಂಡಕ್ಕೂ ನಡುವೆ ಇದ್ದ ಕೂದಲೆಳೆಯಷ್ಟು ಜಾಗವೂ ಹೋಗಿತ್ತು. ಎಲ್ಲ ಸರಿಯಾದರೂ ಎಡಗಿವಿ, ಎಡಗೆನ್ನೆಯ ನರಗಳು ಉಳಿಯುವುದು ಕಷ್ಟ. ಎಲ್ಲಿಯಾದರೂ ತಪ್ಪಿದರೆ ಉಸಿರು. ಈ ಸಲ ಕಣದ ದಾರಿಯಲ್ಲಿನ ತೇವವನ್ನು ಕೊನೆಯ ಗಳಿಗೆಯವರೆಗೂ ನೋಡುವ ಸಾಧನವೊಂದನ್ನು ಶಾಹಿದಾ ಕೂರಿಸಿದ್ದಳು. ತೇವ ಕಂಡರೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಆದರೆ ನಿಂತರೆ ಮೂರನೆಯ ಸಲ ಎಂಬುದಿರಲಿಲ್ಲ.

“ಅಳು ಬರದಂಗ ಗುಳಿಗಿ ಇಲ್ಲೇನ್ರೀ?” ಎಂದು ನಿಂಬೆವ್ವ ಕೇಳಿದಳು.

“ಮಂಪರ ಬಂದ್ರ ಕಣ್ಣು ದೀಪದ ಮ್ಯಾಲ ನಿಲ್ಲಂಗಿಲ್ಲ ಅಕ್ಕಾರ.”

ರಾಚಪ್ಪ ನೆಲ ನೋಡುತ್ತ ಕೂತಿದ್ದವನು ತಲೆಯೆತ್ತಿದ. ಅವನ ಮಾತು ಈಗ ಮೂಗಿನಲ್ಲಿ ಬರುತ್ತಿತ್ತು. “ನನಗ ಅಂಜಿಕಿ ಐತ್ರೀ. ಎಂಜಿನ್ನಿನ್ಯಾಗ ಎಷ್ಟ ಕತ್ತಲಿದ್ರೂ ಕೈಯಾಗ ಬ್ರೇಕ್ ಇರತಿತ್ತು. ಅಲ್ಲಿ ಏನೂ ಇಲ್ಲ. ಆ ಬಾಗಲಾ ಮುಚ್ಚಿದ ಕೂಡಲೆ ನಾನು ಸತ್ತ ಹೋಗೀನಿ, ಒಳಗ ಇಟ್ಟು ಹ್ವಾದ್ರು ಅನ್ನಸತೈತಿ.” ಆಮೇಲೆ ಬಹಳ ದಿನಗಳ ನಂತರ ಹೆಂಡತಿಯನ್ನು ನೇರವಾಗಿ ನೋಡಿದ. “ಇಕಿ ದನಿ ಕೇಳಸಿದ್ರ ಸಾಕು.”

ಹಾಗೆ ಎರಡನೆಯ ಸಲ ನಿಂಬೆವ್ವಳನ್ನು ನಿಯಂತ್ರಣ ಕೊಠಡಿಯೊಳಗೇ ಕರೆತಂದು, ಶಾಹಿದಾಳ ಪಕ್ಕದಲ್ಲಿ, ಮೈಕಿನ ಮುಂದೆ ಕೂರಿಸಿದರು. ಬಾಗಿಲು ಮುಚ್ಚಿತು. ಉಂಗುರ ತುಂಬತೊಡಗಿತು. ಪರದೆಯ ಮೇಲೆ ಹಸಿರು ಚುಕ್ಕೆಯ ಕೆಳಗೆ ತೇವ ತೋರಿಸುವ ಹೊಸ ಗೆರೆಯೊಂದು ಓಡುತ್ತಿತ್ತು. ಅದು ಆಗಲೇ ಮೆಲ್ಲಗೆ ಮೇಲೇಳುತ್ತಿತ್ತು.

“ಮಾತಾಡ್ರಿ ಅಕ್ಕಾರ,” ಎಂದಳು ಶಾಹಿದಾ.

ಗಂಡನಿಗೆ ಧೈರ್ಯ ಹೇಳಬೇಕೆಂದು ನಿಂಬೆವ್ವ ಮನೆಯಿಂದ ಯೋಚಿಸಿ ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಧೈರ್ಯ ಹೇಳಿದರೆ ಅವನಿಗೆ ಅಳು ಬರುತ್ತದೆ ಎಂದೂ ಅನ್ನಿಸಿತು.

“ಏನ್ರೀ,” ಎಂದಳು. “ಮೂಲ್ಯಾಗಿನ ನಳಾ ರಿಪೇರಿ ಮಾಡಸ್ರಿ ಅಂತ ದೀಪಾವಳಿಗೆ ಹೇಳಿದ್ದೆ. ಇನ್ನಾ ಸೋರಾಕತ್ತೈತಿ. ಇವತ್ತ ಮುಂಜಾನೆ ಬಕೀಟ ಇಟ್ಟು ಬಂದೀನಿ. ನಿಮಗೇನು, ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಮಲಗಿದ್ರ ಆತು...”

ಗೆರೆ ಏರುವುದು ನಿಧಾನವಾಯಿತು.

ಅವಳು ನಿಲ್ಲಿಸಲಿಲ್ಲ. ತಂಗಿಯ ಮದುವೆಯಲ್ಲಿ ಅವನು ಬೀಗರೊಂದಿಗೆ ಜಗಳ ತೆಗೆದದ್ದು, ಹೊಸ ಕೊಡೆಯನ್ನು ರೈಲಿನಲ್ಲೇ ಬಿಟ್ಟು ಬಂದದ್ದು, ತಾನು ಮಾಡಿದ ಎಣ್ಣೆಗಾಯಿಗಿಂತ ಅವರವ್ವ ಮಾಡಿದ್ದೇ ಚಂದ ಎಂದದ್ದು, ಒಂದೊಂದನ್ನೂ ಎತ್ತಿ ಬೈದಳು. ದನಿ ಅಡುಗೆಮನೆಯಿಂದ ಬಂದಂತೆ ಸಲೀಸಾಗಿತ್ತು. ಆದರೆ ಅವಳ ಕಣ್ಣಿನಿಂದ ನೀರು ಇಳಿದು ಗದ್ದದಿಂದ ಮೇಜಿನ ಮೇಲೆ ಬೀಳುತ್ತಿತ್ತು. ಮೂಗೆಳೆದರೆ ಅವನಿಗೆ ಕೇಳಿಸುತ್ತದೆಂದು ಬಾಯಿಯಲ್ಲಿ ಉಸಿರಾಡುತ್ತಿದ್ದಳು. ಶಾಹಿದಾ ಕೈಯನ್ನು ಅವಳ ಬೆನ್ನಿನ ಮೇಲೆ ಇಟ್ಟಿದ್ದಳು. ಸೀರೆಯ ಕೆಳಗೆ ಇಡೀ ಬೆನ್ನು ನಡುಗುತ್ತಿತ್ತು. ಆ ನಡುಕ ಗಂಟಲಿಗೆ ಒಂದು ಸಲ ಬಂದರೂ ಆ ಕಡೆ ಗೆರೆ ಏರಿಬಿಡುತ್ತಿತ್ತು. ಬರಲಿಲ್ಲ.

ಗೆರೆ ಇಳಿಯುತ್ತ ಬಂದು ನಿಂತಿತು. ಬಲ್ಲಾಳರು ತಲೆಯಾಡಿಸಿದರು.

“...ಮತ್ತ ಆ ಎಣ್ಣೆಗಾಯಿ ನೀವ ಎರಡ ಸಲ ಹಾಕಿಸ್ಕೊಂಡು ತಿಂದ್ರಿ. ತಿನ್ನೂವಾಗ ಬಾಯಿ ಇರಲಿಲ್ಲೇನು?”

ಪರದೆಯ ಮೂಲೆಯಲ್ಲಿ ಒಂದು ಅಕ್ಷರ ಬದಲಾಯಿತು, ಅಷ್ಟೇ. ನಿಂಬೆವ್ವ ಮಾತಾಡುತ್ತಲೇ ಇದ್ದಳು. ಶಾಹಿದಾ ಮೈಕಿನ ಮೇಲೆ ಕೈಯಿಟ್ಟು, “ಅಕ್ಕಾರ, ಆತು. ಮುಗದು ಹೋತು,” ಎಂದಳು.

“ಯಾವಾಗ?”

“ನೀವು ಎಣ್ಣೆಗಾಯಿ ಅಂದಾಗ.”

ಬಲ್ಲಾಳರು ಮೈಕ್ ಎಳೆದುಕೊಂಡರು. “ರಾಚಪ್ಪನವರೇ, ನೀಲಿ ದೀಪ ಕಾಣ್ತಾ ಇದೆಯಾ?”

ಗುಂಡಿಯ ಸದ್ದು ಒಂದು ಸಲ ಬಂತು. ಎರಡನೆಯದು ಬಂದೀತೇನೋ ಎಂದು ಅವರೆಲ್ಲ ಅಂಜಿ ಕಾದರು. ಬರಲಿಲ್ಲ.

ಗಡ್ಡೆ ಸತ್ತಿದೆಯೋ ಇಲ್ಲವೋ ತಿಳಿಯಲು ತಿಂಗಳುಗಳೇ ಬೇಕಿದ್ದವು. ಅಷ್ಟು ದಿನ ಆ ಮನೆಯಲ್ಲಿ ಭಯವೇ ಮೂರನೆಯ ಮನುಷ್ಯನಂತೆ ಇತ್ತು. ರಾಚಪ್ಪನ ಎಡಗಿವಿ ಕೇಳಿಸದಾಯಿತು. ಬಾಯಿಯ ಎಡಮೂಲೆ ಜೋತುಬಿದ್ದು, ಚಹಾ ಕುಡಿದರೆ ಅಲ್ಲಿಂದ ಸೋರುತ್ತಿತ್ತು. ಇದು ಏಟಿನ ಗುರುತೋ ಗಡ್ಡೆಯ ಗುರುತೋ ಎಂದು ಹೇಳುವವರಿರಲಿಲ್ಲ. ಅವನು ಕೆಮ್ಮಿದರೆ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಕೆಮ್ಮು ನಿಂತ ಮೇಲೂ ನಿಂಬೆವ್ವಳ ಕಾಲು ಪೆಡಲಿನ ಮೇಲೆ ಹಾಗೆಯೇ ಇರುತ್ತಿತ್ತು.

ಕಡೆಗೆ ಗದಗಿಗೆ ಹೋಗಿ ಸ್ಕ್ಯಾನ್ ಮಾಡಿಸಿದರು. ಶಾಹಿದಾ ತಾನೇ ಹೊರಗೆ ಓಡಿ ಬಂದಳು. ಗಡ್ಡೆ ಪೂರ್ತಿ ಸತ್ತಿತ್ತು. ಅಲ್ಲಿ ಉಳಿದದ್ದು ಆರಿದ ಒಲೆಯ ಬೂದಿಯಂಥ ಒಂದು ನೆರಳು. ಕಾಂಡಕ್ಕೆ ಏನೂ ಆಗಿರಲಿಲ್ಲ. “ಕಿವಿ ವಾಪಸ ಬರಂಗಿಲ್ಲ ಅಣ್ಣಾರ. ಬಾಯಿನೂ ಹಿಂಗ ಇರಬಹುದು. ಆದ್ರ ನೀವು ಇರ್ತೀರಿ,” ಎಂದಳು. ರಾಚಪ್ಪ ಅರ್ಧ ಬಾಯಿಯಲ್ಲಿ ನಕ್ಕ. ನಿಂಬೆವ್ವ ಎಲ್ಲರಿಗೂ ಕೈ ಮುಗಿದಳು, ಪೇಢೆ ಹಂಚಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಹುಬ್ಬಳ್ಳಿಗೆ ಬಂದು, ಬಾಗಿಲು ತೆಗೆದು, ಚೀಲ ಇಟ್ಟು, ಒಲೆಯ ಮೇಲೆ ಹಾಲಿಟ್ಟಳು. ಇಟ್ಟವಳು ಅಲ್ಲಿಯೇ ಕಟ್ಟೆಗೆ ಒರಗಿ ನೆಲಕ್ಕೆ ಕುಸಿದು ಕೂತಳು. ಮೊದಲು ಒಂದು ಬಿಕ್ಕು ಬಂತು. ಅದನ್ನು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಉಸಿರನ್ನು ಬಾಯಿಯಲ್ಲೇ ಎಳೆದುಕೊಳ್ಳುತ್ತ, ಸದ್ದಾಗದಂತೆ, ಮೈಕಿನ ಮುಂದೆ ಕೂತಿದ್ದಂತೆಯೇ ಕೂತಳು.

ಹಾಲು ಉಕ್ಕಿದ ವಾಸನೆಗೆ ರಾಚಪ್ಪ ಒಳಗೆ ಬಂದ. ಒಲೆ ಆರಿಸಿದ. ಅವಳ ಎದುರು ಕಷ್ಟಪಟ್ಟು ಮಂಡಿಯೂರಿ ಕೂತು, ಅವಳ ಬಾಯಿಂದ ಸೆರಗನ್ನು ಮೆಲ್ಲಗೆ ಎಳೆದು ತೆಗೆದ.

“ಅಳು,” ಎಂದ. “ಜೋರ ಅಳು. ಈಗ ಯಾರೂ ಅಳತಿ ಮಾಡೂದಿಲ್ಲ.”

ಆಗ ಅವಳು ಅತ್ತಳು. ಪಕ್ಕದ ಕ್ವಾರ್ಟರ್ಸಿನವರು ಏನಾಯಿತೋ ಎಂದು ಗಾಬರಿಯಿಂದ ಓಡಿ ಬಂದು ಬಾಗಿಲಲ್ಲಿ ನಿಂತರು. ರಾಚಪ್ಪ ಅವರಿಗೆ, ಏನೂ ಇಲ್ಲ, ಹೋಗ್ರಿ ಎಂದು ಕೈಸನ್ನೆ ಮಾಡಿ, ಕೇಳಿಸುವ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂತ.